ತೂತಿಲ್ಲದ ಕವರಿನಿಂದ ಇಂಗಿನ ವಾಸನೆ ಬಂದದ್ದು ಹೇಗೆ?

ಈ ಬಾರಿ ಬಂದ ಪತ್ರಗಳಲ್ಲಿ ಆರನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಇಂಗು, ಬಲೂನು, ಚಿಪ್ಸ್, ಬೋರ್‌ವೆಲ್ ನೀರು, ಬ್ಯಾಟರಿ, ಅರಿಸಿನ ಎಂದು ಬೇರೆ ಬೇರೆಯಾಗಿ ಕಂಡರೂ ಎಲ್ಲರೂ ಕೇಳಿರುವುದು ಒಂದನ್ನೇ: ಗಟ್ಟಿಯಾದ ಪ್ಲಾಸ್ಟಿಕ್ಕನ್ನೋ ರಬ್ಬರನ್ನೋ ದಾಟಿ ವಸ್ತು ಹೋಗುವುದು ಹೇಗೆ, ಹೋಗದಿರುವುದು ಏಕೆ? ಪೀಣ್ಯದ ಪ್ಯಾಕಿಂಗ್ ಫಿಲ್ಮ್ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಇಪ್ಪತ್ತೊಂಬತ್ತು ವರ್ಷ ನಾನು ಅಳೆದದ್ದು ಇದನ್ನೇ.

ಪ್ರಶ್ನೆ: ಮಗಳಿಗೆ ಕೊಡಲೆಂದು ಗಟ್ಟಿ ಇಂಗನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬಾಯಿಯನ್ನು ಮೇಣದಬತ್ತಿಯಲ್ಲಿ ಸುಟ್ಟು ಅಂಟಿಸಿ, ಸೂಟ್‌ಕೇಸಿನಲ್ಲಿ ಇಟ್ಟಿದ್ದೆ. ಬೆಂಗಳೂರಿನಲ್ಲಿ ತೆರೆದರೆ ಸೀರೆಗಳಿಗೆಲ್ಲ ಇಂಗಿನ ಘಾಟು. ಆಮೇಲೆ ಅದೇ ಕವರಿಗೆ ನೀರು ತುಂಬಿ ರಾತ್ರಿಯಿಡೀ ತೂಗುಹಾಕಿದೆ, ಒಂದು ಹನಿಯೂ ಸೋರಲಿಲ್ಲ. ನೀರು ಹೋಗದ ಕಡೆ ವಾಸನೆ ಹೇಗೆ ಹೋಯಿತು? (ಗೃಹಿಣಿ, ಶಿರಸಿ)

ಉತ್ತರ: ನೀರು ತುಂಬಿ ತೂಗುಹಾಕಿ ನೋಡಿದ್ದೀರಲ್ಲ, ಆ ಸಾಲು ಓದಿ ನನಗೆ ಬಹಳ ಸಂತೋಷವಾಯಿತು. ನಿಮ್ಮ ಪರೀಕ್ಷೆ ನಿಜವನ್ನೇ ಹೇಳಿದೆ. ಕವರಿನಲ್ಲಿ ತೂತಿರಲಿಲ್ಲ. ಇಂಗಿನ ಘಾಟು ಕವರಿನ ಒಳಮೈಯಲ್ಲಿ ಕರಗಿತು, ಪ್ಲಾಸ್ಟಿಕ್ಕಿನೊಳಗೇ ನಡೆಯಿತು, ಹೊರಮೈ ತಲುಪಿ ಆವಿಯಾಗಿ ಎದ್ದು ನಿಮ್ಮ ಸೀರೆಗೆ ಹತ್ತಿತು.

ಸಕ್ಕರೆ ನೀರಿನಲ್ಲಿ ಕರಗುತ್ತದೆ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಗಟ್ಟಿ ಹಾಳೆಯಲ್ಲಿ ಕರಗುತ್ತದೆ ಎಂದರೆ ನಂಬುವುದು ಕಷ್ಟ. ಆದರೆ ಪಾಲಿಥೀನ್ ಮೇಣದ ಬಂಧು. ಮೇಣದಬತ್ತಿಯ ಒಂದು ಅಣುವಿನಲ್ಲಿ ಇಪ್ಪತ್ತು ಮೂವತ್ತು ಇಂಗಾಲದ ಪರಮಾಣುಗಳು ಸಾಲಾಗಿದ್ದರೆ, ಪಾಲಿಥೀನಿನ ಒಂದು ಸರಪಳಿಯಲ್ಲಿ ಸಾವಿರಾರು ಇರುತ್ತವೆ. ಎರಡೂ ಎಣ್ಣೆಯ ಜಾತಿಯವು. ಇಂಗಿನ ಘಾಟು ಗಂಧಕ ಸೇರಿದ, ಎಣ್ಣೆಯ ಗುಣದ ಸಣ್ಣ ಅಣುಗಳಿಂದ ಬರುತ್ತದೆ. ಅವು ಪಾಲಿಥೀನಿನಲ್ಲಿ ಸಲೀಸಾಗಿ ಬೆರೆಯುತ್ತವೆ. ನೀರಿನ ಅಣು ಇವುಗಳಿಗಿಂತ ತುಂಬಾ ಚಿಕ್ಕದು. ತೂತಿನ ಲೆಕ್ಕವಾಗಿದ್ದರೆ ನೀರೇ ಮೊದಲು ಓಡಬೇಕಿತ್ತು. ಆದರೆ ನೀರಿನ ಅಣುಗಳು ಒಂದಕ್ಕೊಂದು ಕೈ ಹಿಡಿದುಕೊಂಡೇ ಇರುತ್ತವೆ, ಎಣ್ಣೆಯ ಮನೆಗೆ ಹೋಗಲು ಒಪ್ಪುವುದಿಲ್ಲ. ಒಪ್ಪಿದ ಒಂದೆರಡು ಅಣುಗಳು ದಾಟುತ್ತವೆ, ಹನಿಯಾಗುವಷ್ಟು ದಾಟುವುದಿಲ್ಲ.

ಇನ್ನು ನಡೆಯುವ ಬಗೆ. ನಿಮ್ಮೂರಿನ ಮಾರಿಕಾಂಬಾ ಜಾತ್ರೆಯನ್ನು ನೆನಪಿಸಿಕೊಳ್ಳಿ. ಬಿಡ್ಕಿಬೈಲಿನ ಗದ್ದುಗೆಯ ಮುಂದಿನ ಸಂದಣಿಯಲ್ಲಿ ದಾರಿ ಎಂಬುದೇ ಇರುವುದಿಲ್ಲ. ಆದರೂ ಒಂದು ಪುಟ್ಟ ಮಗು ಆ ಕಡೆಯಿಂದ ಈ ಕಡೆ ಬಂದುಬಿಡುತ್ತದೆ. ಯಾರೋ ಸೆರಗು ಸರಿಮಾಡಿಕೊಳ್ಳಲು ಮೈ ತಿರುಗಿಸುತ್ತಾರೆ, ಗೇಣಗಲ ಜಾಗ ತೆರೆಯುತ್ತದೆ, ಮಗು ಅಲ್ಲಿಗೆ ನುಸುಳುತ್ತದೆ, ಹಿಂದಿನ ಜಾಗ ಮುಚ್ಚಿಕೊಳ್ಳುತ್ತದೆ. ಇನ್ನೊಬ್ಬರು ಕಾಲು ಬದಲಿಸುವವರೆಗೆ ಅದು ಅಲ್ಲೇ ನಿಲ್ಲಬೇಕು. ಕೆಲವೊಮ್ಮೆ ಹಿಂದಕ್ಕೂ ತಳ್ಳಿಸಿಕೊಳ್ಳುತ್ತದೆ. ಪಾಲಿಮರ್ ಎಂದರೆ ಪ್ಲಾಸ್ಟಿಕ್, ರಬ್ಬರಿನಂತೆ ಉದ್ದ ಸರಪಳಿಯ ಅಣುಗಳಿಂದಾದ ವಸ್ತು. ಅದರ ಸರಪಳಿಗಳು ಹಾಗೆಯೇ ಸದಾ ಮಿಸುಕುತ್ತಿರುತ್ತವೆ. ಅವು ಬಿಟ್ಟುಕೊಟ್ಟ ಕ್ಷಣಮಾತ್ರದ ಜಾಗಗಳಲ್ಲಿ ಅಣು ಹೆಜ್ಜೆಯಿಡುತ್ತದೆ. ಯಾವ ಅಣುವಿಗೂ ದಿಕ್ಕಿನ ಅರಿವಿಲ್ಲ. ಒಳಗೆ ಹೆಚ್ಚು, ಹೊರಗೆ ಕಡಿಮೆ ಇರುವುದರಿಂದ ಒಟ್ಟು ಲೆಕ್ಕದಲ್ಲಿ ಹೊರಹೋಗುವವೇ ಹೆಚ್ಚು. ಈ ವಿಸರಣೆಯನ್ನು 1855ರಲ್ಲಿ ಸೂತ್ರಕ್ಕೆ ಇಳಿಸಿದವರು ಅಡಾಲ್ಫ್ ಫಿಕ್ ಎಂಬ ಜರ್ಮನ್ ಶರೀರವಿಜ್ಞಾನಿ. ಬಿಸಿಯಾದಂತೆ ಸರಪಳಿಗಳ ಮಿಸುಕಾಟ ಹೆಚ್ಚುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಬಸ್ಸಿನ ಡಿಕ್ಕಿಯೊಳಗೆ ಬಂದ ಸೂಟ್‌ಕೇಸಿನ ಗತಿ ಇನ್ನೂ ಕಷ್ಟ.

ನಮ್ಮ ಪ್ರಯೋಗಾಲಯದಲ್ಲಿ ಇದನ್ನು ಅಳೆಯುತ್ತಿದ್ದ ಬಗೆ ಸರಳವಾಗಿತ್ತು. ಅಂಗೈಯಗಲದ ಅಲ್ಯೂಮಿನಿಯಂ ಬಟ್ಟಲು. ಅದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಹರಳು. ಮೇಲೆ ಪರೀಕ್ಷೆಯ ಹಾಳೆ, ಅಂಚಿಗೆ ಬಿಸಿ ಮೇಣ. 38 ಡಿಗ್ರಿ ಸೆಲ್ಸಿಯಸ್ ಬಿಸಿ, ಶೇ. 90 ತೇವ ಇರುವ ಪೆಟ್ಟಿಗೆಯಲ್ಲಿಟ್ಟು ದಿನವೂ ಅದೇ ಹೊತ್ತಿಗೆ ತೂಗಬೇಕು. ಮೇಣ ಹೊಯ್ಯುವಾಗ ಕೈ ನಡುಗಿ ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಉಳಿದರೂ ವಾರದ ಕೆಲಸ ಹಾಳು. ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ಕಿನ ಒಂದು ಮಿಲಿಮೀಟರ್ ದಪ್ಪದ ಹಾಳೆಯನ್ನು ಇಟ್ಟಾಗ ಮೊದಲ ದಿನ ತೂಕ ಏರುವುದೇ ಇಲ್ಲವೆನ್ನಬಹುದು. ಹೊಸಬರು ಅದನ್ನು ನೋಡಿ ಈ ಹಾಳೆಯನ್ನು ತೇವ ದಾಟುವುದೇ ಇಲ್ಲ ಎಂದು ಬರೆದುಬಿಡುತ್ತಿದ್ದರು. ಇನ್ನೂ ಕೆಲವು ದಿನ ಕಾದರೆ ತೂಕ ಏರತೊಡಗಿ, ಆಮೇಲೆ ದಿನಕ್ಕೆ ಇಷ್ಟೆಂದು ನೇರ ಗೆರೆಯಲ್ಲಿ ಸಾಗುತ್ತಿತ್ತು. ಮೊದಲಿನ ಆ ಮೌನದ ಹೊತ್ತು, ನೀರಿನ ಅಣುಗಳು ಹಾಳೆಯೊಳಗೆ ಇನ್ನೂ ದಾರಿಯಲ್ಲಿರುವ ಹೊತ್ತು.

ನಿಮ್ಮ ಇಂಗಿಗೂ ಇದೇ ಲೆಕ್ಕ. ಹಾಳೆಯ ದಪ್ಪ ಎರಡು ಪಟ್ಟಾದರೆ ಕಾಯುವ ಹೊತ್ತು ನಾಲ್ಕು ಪಟ್ಟಾಗುತ್ತದೆ, ಆದರೆ ಒಮ್ಮೆ ಹೊರಬರತೊಡಗಿದ ಮೇಲೆ ಬರುವ ಪ್ರಮಾಣ ಅರ್ಧಕ್ಕಷ್ಟೇ ಇಳಿಯುತ್ತದೆ. 2022ರ ಡಿಸೆಂಬರ್ 31ರಿಂದ ಕೈಚೀಲದ ಪ್ಲಾಸ್ಟಿಕ್ ಕನಿಷ್ಠ 120 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪವಿರಬೇಕೆಂಬ ನಿಯಮವಿದೆ. ಹಳೆಯ 50 ಮೈಕ್ರಾನಿನ ಕವರಿಗಿಂತ ಅದು ಐದಾರು ಪಟ್ಟು ಹೆಚ್ಚು ಹೊತ್ತು ಇಂಗನ್ನು ಹಿಡಿದಿಡುತ್ತದೆ. ಅದು ಕೂಡ ಗಂಟೆಗಳ ಮಾತು; ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಪ್ರಯಾಣಕ್ಕೂ ಸಾಲುವುದು ಅನುಮಾನ. ಗಾಜಿನ ಶೀಶೆಯಲ್ಲಿ, ಇಲ್ಲವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಕಳಿಸಿ. ಗಾಜು ಮತ್ತು ಲೋಹದೊಳಗೆ ಹಾಗೆ ಮಿಸುಕಿ ಜಾಗ ಬಿಡುವ ಸರಪಳಿಗಳಿಲ್ಲ.

ಪ್ರಶ್ನೆ: ಅಡುಗೆ ಸೋಡಾ ಮತ್ತು ವಿನೆಗರ್ ಬೆರೆಸಿ ಬಂದ ಕಾರ್ಬನ್ ಡೈಆಕ್ಸೈಡನ್ನು ಒಂದು ಬಲೂನಿಗೆ ತುಂಬಿದೆ. ಇನ್ನೊಂದಕ್ಕೆ ಪಂಪಿನಿಂದ ಗಾಳಿ ತುಂಬಿದೆ. ಮರುದಿನ ಮೊದಲನೆಯದು ಸುಕ್ಕುಗಟ್ಟಿ ಚಿಕ್ಕದಾಗಿತ್ತು, ಎರಡನೆಯದು ಹೆಚ್ಚುಕಡಿಮೆ ಹಾಗೆಯೇ ಇತ್ತು. ಭಾರದ ಅನಿಲ ನಿಧಾನವಾಗಿ ಹೋಗುತ್ತದೆ ಎಂದು ಗ್ರಹಾಂ ನಿಯಮ ಹೇಳುತ್ತದೆ. ನನ್ನ ಪ್ರಯೋಗ ತಪ್ಪಾಯಿತೇ? (ಪಿಯುಸಿ ವಿದ್ಯಾರ್ಥಿ, ತುಮಕೂರು)

ಉತ್ತರ: ಪ್ರಯೋಗ ತಪ್ಪಾಗಿಲ್ಲ. ನೀನು ಕಂಡದ್ದನ್ನು ಥಾಮಸ್ ಗ್ರಹಾಂ ಅವರೇ ಕಂಡಿದ್ದರು, ಅಳೆದೂ ಇಟ್ಟಿದ್ದರು. ಇದು ಪಠ್ಯಪುಸ್ತಕದಲ್ಲಿ ಇಲ್ಲದಿರುವುದು ನನಗೆ ಇಂದಿಗೂ ಬೇಸರದ ಸಂಗತಿ.

ನಿಮ್ಮ ಪಾಠದಲ್ಲಿರುವ ನಿಯಮ ಸಣ್ಣ ರಂಧ್ರಗಳಿಂದ ಅನಿಲ ಹೊರಡುವುದಕ್ಕೆ ಸಂಬಂಧಿಸಿದ್ದು. ಅದರ ಪ್ರಕಾರ 44 ಅಣುತೂಕದ ಕಾರ್ಬನ್ ಡೈಆಕ್ಸೈಡ್, 28 ಅಣುತೂಕದ ನೈಟ್ರೋಜನ್ನಿನ ವೇಗದಲ್ಲಿ ಶೇ. 80ರಷ್ಟು ಮಾತ್ರ ಹೋಗಬೇಕು. 1866ರಲ್ಲಿ ಗ್ರಹಾಂ ತೆಳುವಾದ ರಬ್ಬರಿನ ಮೂಲಕ ಒಂದೊಂದೇ ಅನಿಲವನ್ನು ಬಿಟ್ಟು ನೋಡಿದರು. ನೈಟ್ರೋಜನ್ನನ್ನು 1 ಎಂದು ಹಿಡಿದರೆ ಆಕ್ಸಿಜನ್ 2.556, ಎಲ್ಲಕ್ಕಿಂತ ಹಗುರವಾದ ಹೈಡ್ರೋಜನ್ 5.5, ಕಾರ್ಬನ್ ಡೈಆಕ್ಸೈಡ್ 13.585. ಭಾರದ ಅನಿಲವೇ ಎಲ್ಲರನ್ನೂ ಹಿಂದೆ ಹಾಕಿತ್ತು! ತಮ್ಮದೇ ನಿಯಮ ಇಲ್ಲಿ ನಡೆಯದು ಎಂಬುದನ್ನು ಗ್ರಹಾಂ ಮುಚ್ಚಿಡಲಿಲ್ಲ. ರಬ್ಬರಿನಲ್ಲಿ ರಂಧ್ರಗಳಿಲ್ಲ, ಅನಿಲವು ದ್ರವದಂತೆ ಅದರೊಳಗೆ ಸೇರಿ ಆಚೆ ಬದಿಯಲ್ಲಿ ಮತ್ತೆ ಅನಿಲವಾಗಿ ಏಳುತ್ತದೆ ಎಂದು ವಿವರಿಸಿದರು. ಶಿರಸಿಯವರ ಇಂಗಿಗೆ ನಾನು ಕೊಟ್ಟ ಉತ್ತರ ಅವರದೇ.

ಇಲ್ಲಿ ಎರಡು ಸಂಗತಿಗಳ ಗುಣಾಕಾರವಿದೆ: ಎಷ್ಟು ಕರಗುತ್ತದೆ, ಕರಗಿದ್ದು ಎಷ್ಟು ಬೇಗ ನಡೆಯುತ್ತದೆ. ನೈಸರ್ಗಿಕ ರಬ್ಬರಿನೊಳಗೆ ಕಾರ್ಬನ್ ಡೈಆಕ್ಸೈಡ್ ಮತ್ತು ಗಾಳಿಯ ಬಹುಪಾಲಾದ ನೈಟ್ರೋಜನ್, ಈ ಎರಡರ ನಡಿಗೆಯ ವೇಗ ಹೆಚ್ಚುಕಡಿಮೆ ಒಂದೇ. ಕರಗುವುದರಲ್ಲಿ ಮಾತ್ರ ಕಾರ್ಬನ್ ಡೈಆಕ್ಸೈಡ್ ಸುಮಾರು ಹದಿನೈದು ಪಟ್ಟು ಮುಂದಿದೆ. ನಿನ್ನ ಬಲೂನು ಸುಕ್ಕುಗಟ್ಟಿದ್ದು ಅದರಿಂದ.

ನಡಿಗೆಯ ವೇಗವೂ ಮುಖ್ಯವಾಗುವ ಕಡೆ ಒಂದಿದೆ, ಸೈಕಲ್ ಟ್ಯೂಬು. 1937ರಲ್ಲಿ ಅಮೆರಿಕದಲ್ಲಿ ಸಿದ್ಧವಾದ ಬ್ಯುಟೈಲ್ ರಬ್ಬರಿನ ಸರಪಳಿಯ ಉದ್ದಕ್ಕೂ ಮೀಥೈಲ್ ಎಂಬ ಪುಟ್ಟ ಪರಮಾಣು ಗುಂಪುಗಳು ಒತ್ತೊತ್ತಾಗಿ ಕುಳಿತಿವೆ, ಅದು ಸುಲಭವಾಗಿ ಮಿಸುಕುವುದಿಲ್ಲ. ಆದ್ದರಿಂದ ಆ ಟ್ಯೂಬಿನಲ್ಲಿ ಗಾಳಿ ನೈಸರ್ಗಿಕ ರಬ್ಬರಿನದಕ್ಕಿಂತ ಹಲವು ಪಟ್ಟು ಹೆಚ್ಚು ದಿನ ನಿಲ್ಲುತ್ತದೆ. ನಿನ್ನ ಬಲೂನುಗಳ ಸುತ್ತಳತೆಯನ್ನು ನೂಲಿನಿಂದ ಗಂಟೆಗೊಮ್ಮೆ ಅಳೆದು ಬರೆದಿಡು. ಲೆಕ್ಕವನ್ನು ನನಗೆ ಕಳಿಸು, ನಾನು ನೋಡುತ್ತೇನೆ.

ಪ್ರಶ್ನೆ: ನಮ್ಮ ಸಂಘದ ಬಾಳೆಕಾಯಿ ಚಿಪ್ಸ್ ಪಾಲಿಥೀನ್ ಪೊಟ್ಟಣದಲ್ಲಿ ತಿಂಗಳಾದರೂ ಗರಿಗರಿಯಾಗಿಯೇ ಇರುತ್ತದೆ, ಆದರೆ ಕಮಟು ವಾಸನೆ ಬಂದು ಅಂಗಡಿಯವರು ಹಿಂತಿರುಗಿಸುತ್ತಾರೆ. ಎಣ್ಣೆ ಒಳ್ಳೆಯದನ್ನೇ ಬಳಸುತ್ತೇವೆ. (ಸ್ವಸಹಾಯ ಸಂಘದ ಸದಸ್ಯೆ, ಕುಂದಾಪುರ)

ಉತ್ತರ: ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ಗರಿಗರಿಯಾಗಿದೆ ಎಂದರೆ ತೇವ ಒಳಗೆ ಬಂದಿಲ್ಲ. ಕಮಟು ಬಂದಿದೆ ಎಂದರೆ ಆಕ್ಸಿಜನ್ ಬಂದಿದೆ. ಪಾಲಿಥೀನಿನ ಸ್ವಭಾವವೇ ಅದು. ನೀರಾವಿಯನ್ನು ಚೆನ್ನಾಗಿ ತಡೆಯುತ್ತದೆ, ಆಕ್ಸಿಜನ್ನಿಗೆ ದಾರಿ ಕೊಡುತ್ತದೆ. ನೈಲಾನಿನದು ಇದಕ್ಕೆ ವಿರುದ್ಧ ಸ್ವಭಾವ. ಅದರ ಸರಪಳಿಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದರಿಂದ ಆಕ್ಸಿಜನ್ ನುಸುಳಲಾರದು, ನೀರಾವಿ ಮಾತ್ರ ಆ ಹಿಡಿತವನ್ನೇ ಸಡಿಲಿಸಿ ಒಳಸೇರುತ್ತದೆ. ಹಾಗಾಗಿ ಪೊಟ್ಟಣ ಮಾಡುವವರು ಎರಡನ್ನೂ ಪದರ ಪದರವಾಗಿ ಸೇರಿಸುತ್ತಾರೆ, ನೀರಿಗೆ ಹೆದರುವ ಪದರವನ್ನು ಪಾಲಿಥೀನ್ ಪದರಗಳ ನಡುವೆ ಅಡಗಿಸುತ್ತಾರೆ.

ನಿಮಗೆ ಬೇಕಾದದ್ದು ಒಳಮೈ ಬೆಳ್ಳಿಯಂತೆ ಹೊಳೆಯುವ, ಅಲ್ಯೂಮಿನಿಯಂ ಲೇಪಿಸಿದ ಪೊಟ್ಟಣ. ಆ ಲೇಪನ ಒಂದು ಮೈಕ್ರಾನಿನ ಹತ್ತರಲ್ಲೊಂದು ಪಾಲಿಗಿಂತಲೂ ತೆಳು, ಆದರೂ ಆಕ್ಸಿಜನ್ನನ್ನೂ ಬೆಳಕನ್ನೂ ಬಹುಮಟ್ಟಿಗೆ ತಡೆಯುತ್ತದೆ. ಮಡಿಚಿ ಉಜ್ಜಿದರೆ ಅದು ಬಿರುಕುಬಿಡುತ್ತದೆ, ರಾಶಿ ಹಾಕಿ ತುಳಿಯಬೇಡಿ. ಸಾಧ್ಯವಾದರೆ ಬಾಯಿ ಅಂಟಿಸುವ ಮೊದಲು ನೈಟ್ರೋಜನ್ ತುಂಬಿಸಿ. ಒಳಗೇ ಉಳಿದ ಗಾಳಿಯಿದ್ದರೆ ಹೊರಗಿನದನ್ನು ತಡೆದು ಪ್ರಯೋಜನವಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ (ಸಿಎಫ್‌ಟಿಆರ್‌ಐ) ಆಹಾರದ ಪ್ಯಾಕಿಂಗ್‌ಗೆಂದೇ ವಿಭಾಗವಿದೆ. ಅಲ್ಲಿಗೆ ಒಂದು ಪತ್ರ ಬರೆಯಿರಿ. ಕೈ ಸುಟ್ಟುಕೊಂಡು ಕರಿದದ್ದು ಪೊಟ್ಟಣದ ತಪ್ಪಿಗೆ ಹಿಂದೆ ಬರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್‌ನ ಗಡಸು ನೀರಿಗೆ ಸಾಫ್ಟ್‌ನರ್ ಹಾಕಿಸಿದ್ದೇವೆ. ಅದಕ್ಕೆ ಉಪ್ಪು ನೀರು ಬಿಡುವ ಕೆಲಸವನ್ನು ನಿರ್ವಾಹಕ ಐದೇ ನಿಮಿಷದಲ್ಲಿ ಮುಗಿಸುತ್ತಾನೆ. ನಲ್ಲಿಗಳ ಮೇಲೆ ಮತ್ತೆ ಬಿಳಿ ಕಲೆ. ಉಪ್ಪು ಅಷ್ಟೇ ಹಾಕಿದ್ದೇನಲ್ಲ ಎನ್ನುತ್ತಾನೆ. ಯಾರು ಸರಿ? ಹಾಗೆಯೇ, ಮನೆಯ ಆರ್‌ಒ ಯಂತ್ರ ಪ್ಲಾಸ್ಟಿಕ್ ಪೊರೆಯಿಂದ ಉಪ್ಪನ್ನು ತೆಗೆಯುವುದು ಹೇಗೆ? (ನಿವೃತ್ತ ಬ್ಯಾಂಕ್ ಅಧಿಕಾರಿ, ಬೆಂಗಳೂರು)

ಉತ್ತರ: ಇಲ್ಲಿ ನೀವು ಸರಿ. ನಿರ್ವಾಹಕನನ್ನು ಗದರಬೇಡಿ, ಅವನಿಗೆ ಯಾರೂ ಕಾರಣ ಹೇಳಿರಲಾರರು.

ಮೊದಲು ಅಯಾನುಗಳ, ಅಂದರೆ ವಿದ್ಯುದಂಶ ಹೊತ್ತ ಕಣಗಳ, ಸ್ವಭಾವ. ನೀರಿನಲ್ಲಿ ಕರಗಿದ ಉಪ್ಪು ಸೋಡಿಯಂ ಮತ್ತು ಕ್ಲೋರೈಡ್ ಅಯಾನುಗಳಾಗಿ ಒಡೆದಿರುತ್ತದೆ, ಪ್ರತಿಯೊಂದರ ಸುತ್ತಲೂ ನೀರಿನ ಅಣುಗಳು ಮುತ್ತಿಕೊಂಡಿರುತ್ತವೆ. ವಿರುದ್ಧ ವಿದ್ಯುದಂಶಗಳ ಸೆಳೆತವನ್ನು ನೀರು ಸುಮಾರು ಎಂಬತ್ತರಲ್ಲಿ ಒಂದು ಪಾಲಿಗೆ ತಗ್ಗಿಸುತ್ತದೆ, ಪಾಲಿಥೀನ್ ಎರಡೂಕಾಲರಲ್ಲಿ ಒಂದು ಪಾಲಿಗೆ ಮಾತ್ರ. ನೀರಿನ ಆಸರೆ ಬಿಟ್ಟು ಎಣ್ಣೆಯ ಮನೆ ಸೇರಲು ಅಯಾನಿಗೆ ಬೇಕಾದ ಶಕ್ತಿ ಎಲ್ಲಿಂದಲೂ ಸಿಗುವುದಿಲ್ಲ. ಉಪ್ಪಿನಕಾಯಿ ಕವರಿನ ಹೊರಮೈಗೆ ಇಂಗಿನ ವಾಸನೆ ಬರುತ್ತದೆ, ಉಪ್ಪಿನ ರುಚಿ ಬರುವುದಿಲ್ಲ. ಅಯಾನು ಪಾಲಿಮರಿನೊಳಗೆ ನಡೆಯಬೇಕಾದರೆ ಆ ಪಾಲಿಮರಿನಲ್ಲಿ ನೀರಿರಬೇಕು, ಇಲ್ಲವೇ ನೀರಿನಂತೆ ಅದನ್ನು ಹಿಡಿದುಕೊಳ್ಳುವ ಕೈಗಳಿರಬೇಕು.

ಸಾಫ್ಟ್‌ನರ್ ಒಳಗಿನ ರೆಸಿನ್ ಅಂಥದ್ದು. ನಮ್ಮ ಕಟ್ಟಡದ ಸಾಫ್ಟ್‌ನರ್ ತೆರೆದಾಗ ಒಂದು ಚಿಟಿಕೆ ತೆಗೆದು ಅಂಗೈ ಮೇಲೆ ಹರಡಿ ನೋಡಿದ್ದೆ. ರಾಗಿಗಿಂತ ಚಿಕ್ಕ, ಜೇನಿನ ಬಣ್ಣದ, ಬೆಳಕು ಹಾಯುವ ಮಣಿಗಳು. ಒಣಗಿದಂತೆ ಕಂಡರೂ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಅದು ಪಾಲಿಸ್ಟೈರೀನಿನ ಸರಪಳಿಗಳನ್ನು ಅಡ್ಡಡ್ಡ ಕಟ್ಟಿ ಮಾಡಿದ ಬಲೆ, ಬಲೆಯ ತುಂಬಾ ಋಣ ವಿದ್ಯುದಂಶದ ಸಲ್ಫೋನೇಟ್ ಗುಂಪುಗಳು, ಪ್ರತಿಯೊಂದರ ಪಕ್ಕದಲ್ಲಿ ಒಂದು ಸೋಡಿಯಂ. ಗಡಸು ನೀರು ಹರಿದಾಗ ಒಂದು ಕ್ಯಾಲ್ಸಿಯಂ ಒಳಬಂದು ಎರಡು ಸೋಡಿಯಂಗಳನ್ನು ಹೊರಗೆ ಕಳಿಸುತ್ತದೆ.

ಉಪ್ಪು ನೀರು ಬಿಡುವುದು ಇದನ್ನು ತಿರುಗಿಸಲು. ಆಗ ಸೋಡಿಯಂ ಮಣಿಯ ನಡುಮಧ್ಯದವರೆಗೆ ನಡೆದುಹೋಗಬೇಕು, ಅಲ್ಲಿ ಬಿಗಿಯಾಗಿ ಕುಳಿತ ಕ್ಯಾಲ್ಸಿಯಂ ಅಷ್ಟೇ ದೂರ ಹೊರಗೆ ನಡೆಯಬೇಕು. ಪ್ರತಿ ಗುಂಪಿನ ಬಳಿಯೂ ನಿಂತು ನಿಂತು ಹೋಗುವ ನಡಿಗೆ ಅದು. ಐದು ನಿಮಿಷದಲ್ಲಿ ಹೊರಗಿನ ಪದರ ಬದಲಾಗುತ್ತದೆ, ಒಳಗಿನ ಕ್ಯಾಲ್ಸಿಯಂ ಹಾಗೆಯೇ ಉಳಿಯುತ್ತದೆ, ಹಾಕಿದ ಉಪ್ಪಿನ ದೊಡ್ಡ ಪಾಲು ಚರಂಡಿ ಸೇರುತ್ತದೆ. ಸುಮಾರು ಶೇ. 10ರ ಉಪ್ಪು ನೀರನ್ನು ಸಣ್ಣ ಧಾರೆಯಲ್ಲಿ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಬಿಡಿ. ಒಂದು ಲೀಟರ್ ರೆಸಿನ್ನಿಗೆ 100ರಿಂದ 160 ಗ್ರಾಂ ಉಪ್ಪು ಸಾಕು. ಮಣಿಗಳು ಕೆಂಪುಕಂದು ಬಣ್ಣಕ್ಕೆ ತಿರುಗಿದ್ದರೆ ಮಾತ್ರ ಕಬ್ಬಿಣ ಹತ್ತಿದೆ ಎಂದರ್ಥ, ಅದಕ್ಕೆ ಬರೀ ಉಪ್ಪು ಸಾಲದು.

ಆರ್‌ಒ ಪೊರೆಯ ವಿಷಯ ಬೇರೆ. ಅಲ್ಲಿ ಕೆಲಸ ಮಾಡುವುದು ಒಂದು ಮೈಕ್ರಾನಿನ ಹತ್ತರಲ್ಲಿ ಒಂದೆರಡು ಪಾಲಿನಷ್ಟು ದಪ್ಪದ, ನೈಲಾನಿನ ಜಾತಿಯ ಪಾಲಿಅಮೈಡ್ ಪದರ. ಅದು ನೀರನ್ನು ಬರಮಾಡಿಕೊಳ್ಳುತ್ತದೆ, ಅಯಾನುಗಳಿಗೆ ಬೇಕಾದಷ್ಟು ನೀರಿನ ಆಸರೆಯನ್ನು ಮಾತ್ರ ಒಳಗೆ ಕೊಡುವುದಿಲ್ಲ. ಒತ್ತಡ ಹಾಕಿದಾಗ ನೀರು ದಾಟುತ್ತದೆ, ಉಪ್ಪಿನ ಬಹುಪಾಲು ಹಿಂದೆಯೇ ಉಳಿಯುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಸಿಡ್ನಿ ಲೋಬ್ ಅವರೊಂದಿಗೆ ಮೊದಲ ಉಪಯುಕ್ತ ಆರ್‌ಒ ಪೊರೆ ಮಾಡಿದವರು ಭಾರತದಿಂದ ಹೋದ ಶ್ರೀನಿವಾಸ ಸೌರಿರಾಜನ್. ಅವರದು ಸೆಲ್ಯುಲೋಸ್ ಅಸಿಟೇಟಿನ ಪೊರೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಊರಿಗೆ ಅಂಥ ಪೊರೆಯಿಂದ ಕುಡಿಯುವ ನೀರು ಸಿಕ್ಕಿತು. ಕೋಲಾರದ ಕಡೆ ಹಳ್ಳಿಯ ಶುದ್ಧ ನೀರಿನ ಘಟಕದ ಮುಂದೆ ಕ್ಯಾನು ಹಿಡಿದು ನಿಂತವರನ್ನು ಕಂಡಾಗಲೆಲ್ಲ ನನಗೆ ಸೌರಿರಾಜನ್ ಅವರ ನೆನಪಾಗುತ್ತದೆ. ನೀರು ಈ ಪದರದಲ್ಲಿ ಕರಗಿ ಸಾಗುತ್ತದೆಯೋ, ಅತಿ ಸೂಕ್ಷ್ಮ ಸಂದುಗಳಲ್ಲಿ ಹರಿಯುತ್ತದೆಯೋ ಎಂಬ ವಾದ ಇನ್ನೂ ಮುಗಿದಿಲ್ಲ. 2023ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರ ಗುಂಪು ಹರಿಯುತ್ತದೆ ಎಂದೇ ವಾದಿಸಿತು. ಎಲ್ಲ ಪಾಲಿಮರಿಗೂ ಒಂದೇ ಉತ್ತರ ಇರಬೇಕಾಗಿಲ್ಲ, ಈ ಚರ್ಚೆಯನ್ನು ನಾನು ಆಸೆಯಿಂದ ಓದುತ್ತಿದ್ದೇನೆ.

ಪ್ರಶ್ನೆ: ನೀರೇ ಇಲ್ಲದ ಪಾಲಿಮರಿನಲ್ಲಿ ಲಿಥಿಯಂ ಅಯಾನು ಹೇಗೆ ಚಲಿಸುತ್ತದೆ? ಒಳಗೆ ದ್ರವವಿಲ್ಲದ ಘನ ಬ್ಯಾಟರಿಯ ಬಗ್ಗೆ ಓದುತ್ತಿದ್ದೇನೆ. (ಎಂಜಿನಿಯರಿಂಗ್ ವಿದ್ಯಾರ್ಥಿನಿ, ಹುಬ್ಬಳ್ಳಿ)

ಉತ್ತರ: ಮೇಲೆ ಹೇಳಿದ ಕೈಗಳ ಮಾತು ಇಲ್ಲಿ ಬರುತ್ತದೆ. ಪಾಲಿಎಥಿಲೀನ್ ಆಕ್ಸೈಡಿನ ಸರಪಳಿಯಲ್ಲಿ ಎರಡೆರಡು ಇಂಗಾಲಕ್ಕೆ ಒಂದು ಆಕ್ಸಿಜನ್ ಇರುತ್ತದೆ. ನಾಲ್ಕೈದು ಆಕ್ಸಿಜನ್‌ಗಳು ಸುತ್ತುವರಿದು ಲಿಥಿಯಂ ಅನ್ನು ಹಿಡಿದುಕೊಳ್ಳುತ್ತವೆ. ಸರಪಳಿ ಮಿಸುಕಿದಾಗ ಒಂದು ಆಕ್ಸಿಜನ್ ಬಿಡುತ್ತದೆ, ಪಕ್ಕದ್ದು ಹಿಡಿಯುತ್ತದೆ. ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸಿದ ಹಾಗೆ. ಈ ಪಾಲಿಮರಿನಲ್ಲಿ ಲವಣ ಕರಗಿ ವಿದ್ಯುತ್ ಸಾಗುತ್ತದೆ ಎಂದು ಪೀಟರ್ ರೈಟ್ ಮತ್ತು ಸಂಗಡಿಗರು ತೋರಿಸಿದ್ದು 1973ರಲ್ಲಿ, ಇದನ್ನು ಬ್ಯಾಟರಿಗೆ ಬಳಸಬಹುದು ಎಂದು ಮಿಶೆಲ್ ಆರ್ಮಾಂಡ್ ಮುಂದಿಟ್ಟದ್ದು 1978ರಲ್ಲಿ.

ತೊಡಕು ಏನೆಂದರೆ, ಇದು ಸುಮಾರು 65 ಡಿಗ್ರಿಗೆ ಕರಗುವ ಪಾಲಿಮರ್. ಕೋಣೆಯ ಬಿಸಿಯಲ್ಲಿ ಇದರ ಬಹುಭಾಗ ಹರಳುಗಟ್ಟಿರುತ್ತದೆ, ಸಾಲಿನಲ್ಲಿ ನಿಂತವರು ಕೈಕಟ್ಟಿ ಕುಳಿತಂತೆ. 2011ರಲ್ಲಿ ಪ್ಯಾರಿಸ್ಸಿನಲ್ಲಿ ಶುರುವಾದ ಬಾಡಿಗೆ ವಿದ್ಯುತ್ ಕಾರುಗಳಲ್ಲಿ ಇಂಥದೇ ಪಾಲಿಮರ್ ಬ್ಯಾಟರಿ ಇತ್ತು; ಅದನ್ನು ಸದಾ ಬಿಸಿಯಾಗಿಯೇ ಇಡಬೇಕಿತ್ತು. ಲಿಥಿಯಂ ಅನ್ನು ತೀರಾ ಬಿಗಿಯಾಗಿ ಹಿಡಿಯದ, ತಣ್ಣಗಿದ್ದಾಗಲೂ ಮಿಸುಕುವ, ಆದರೂ ಗಟ್ಟಿಯಾಗಿ ನಿಲ್ಲುವ ಸರಪಳಿ ಬೇಕು. ನಿಮ್ಮ ಓದಿನಲ್ಲಿ ಆ ಮೂರನ್ನೂ ಒಟ್ಟಿಗೆ ಕೇಳುವ ಪ್ರಬಂಧಗಳನ್ನೇ ಹುಡುಕಿ.

ಪ್ರಶ್ನೆ: ಪ್ಲಾಸ್ಟಿಕ್ ಡಬ್ಬಿಗೆ ಹಿಡಿದ ಸಾಂಬಾರಿನ ಹಳದಿ ಕಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆ? (ಗೃಹಿಣಿ, ಹಾಸನ)

ಉತ್ತರ: ಅರಿಸಿನದ ಬಣ್ಣವೂ ಎಣ್ಣೆಯ ಗುಣದ್ದು. ಬಿಸಿ ಸಾಂಬಾರಿನ ಒಗ್ಗರಣೆಯ ಎಣ್ಣೆಯೊಂದಿಗೆ ಅದು ಡಬ್ಬಿಯ ಮೈಯೊಳಗೆ ಇಳಿದಿದೆ, ಉಜ್ಜುವ ನಾರು ಅಲ್ಲಿಗೆ ತಲುಪುವುದಿಲ್ಲ. ಉಜ್ಜಿ ಗೀರು ಮಾಡಬೇಡಿ, ಮುಂದಿನ ಸಲ ಇನ್ನೂ ಬೇಗ ಹಿಡಿಯುತ್ತದೆ. ತೊಳೆದ ಡಬ್ಬಿಯನ್ನು ಎರಡು ದಿನ ಚೆನ್ನಾಗಿ ಬಿಸಿಲಿಗಿಡಿ. ಅರಿಸಿನದ ಬಣ್ಣ ಬೆಳಕಿಗೆ ಒಡೆಯುತ್ತದೆ, ಬೆಳಕು ಡಬ್ಬಿಯ ಒಳಮೈವರೆಗೂ ಹೋಗುತ್ತದೆ. ಸಾಂಬಾರನ್ನು ಆರಿಸಿ ತುಂಬಿದರೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಬಿಸಿಯಾಗಿಯೇ ಕಳಿಸಬೇಕಾದ ದಿನ ಸ್ಟೀಲ್ ಡಬ್ಬಿ ತೆಗೆದುಕೊಳ್ಳಿ.